ಕೀಲಣ್ಣನ ಎರಡು ಬೆರಳು

ಐವತ್ತೆಂಟು ವರ್ಷದ ಮನುಷ್ಯನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳುವುದೆಂದರೆ ಹೇಳುವವರಿಗೆ ತಮಾಷೆ, ಕೂತವನಿಗೆ ಮಂಡಿನೋವು. ಕೀಲಣ್ಣನಿಗೆ ಇದು ತರಬೇತಿಯ ಮೊದಲ ದಿನವೇ ಗೊತ್ತಾಯಿತು. ಬೆಂಚಿಗೂ ಡೆಸ್ಕಿಗೂ ನಡುವೆ ಬಿಟ್ಟಿದ್ದ ಜಾಗ ಇಪ್ಪತ್ತೈದರ ಕಾಲುಗಳಿಗೆಂದು ಮಾಡಿಸಿದ್ದು. ಅವನು ಒಂದು ಕಾಲನ್ನು ಓಡಾಡುವ ದಾರಿಗೇ ಚಾಚಿ ಕೂತ. ಬರುವ ಇಂಜಿನಿಯರುಗಳೆಲ್ಲ ಅದನ್ನು ಎಡವಿ "ಸಾರಿ ಅಂಕಲ್" ಎನ್ನುತ್ತ ಮುಂದೆ ಹೋದರು.

ಕೀಲಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಉಪಗ್ರಹ ಜೋಡಿಸುವ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿ ಕೀಲು ಕೂರಿಸುವುದೊಂದನ್ನೇ ಇಷ್ಟು ಕಾಲ ಮಾಡುತ್ತ ಬಂದದ್ದಕ್ಕೆ ಅಂಟಿಕೊಂಡ ಹೆಸರು. ಬಾಗಿಲಿನ ಕೀಲಲ್ಲ. ಉಪಗ್ರಹ ಮೇಲೆ ಹೋಗುವಾಗ ಅದರ ಸೌರಫಲಕಗಳನ್ನು ಮಡಚಿ ಮೈಗೆ ಒತ್ತಿ ಕಟ್ಟಿರುತ್ತಾರೆ. ಮೇಲೆ ಸೇರಿದ ಮೇಲೆ ಕಟ್ಟು ಬಿಚ್ಚಿ, ಅವು ರೆಕ್ಕೆಯ ಹಾಗೆ ತೆರೆದುಕೊಳ್ಳಬೇಕು. ತೆರೆಯುವುದು ಅಂಗೈಯಷ್ಟು ದೊಡ್ಡ ಕೀಲು ಮತ್ತು ಅದರೊಳಗಿನ ಸ್ಪ್ರಿಂಗು. ತೆರೆಯದಿದ್ದರೆ ಕರೆಂಟಿಲ್ಲ; ಕರೆಂಟಿಲ್ಲದಿದ್ದರೆ ಅಷ್ಟೆತ್ತರಕ್ಕೆ ಹೋಗಿ ಕೂತದ್ದು ಬರೀ ಗುಜರಿ ಸಾಮಾನು. ಒಂದು ಸಲ ಹೋಗಿ ತಳ್ಳಿ ಬರೋಣವೆಂದರೆ ಅಲ್ಲಿಗೆ ಏಣಿ ಇಲ್ಲ. ಆದ್ದರಿಂದ ಎಲ್ಲವೂ ನೆಲದ ಮೇಲಿರುವಾಗಲೇ ಸರಿಯಾಗಿರಬೇಕು. ಕೀಲಣ್ಣ ಕೆಲಸ ಮುಗಿದ ಮೇಲೆ ಕೈಗವಸು ಹಾಕಿದ ಕಿರುಬೆರಳಿನಿಂದ ಕೀಲನ್ನು ಮೆಲ್ಲಗೆ ತಳ್ಳಿ, ಕಣ್ಣು ಮುಚ್ಚಿ, "ಹೂಂ" ಎನ್ನುತ್ತಿದ್ದ. ಆ ಹೂಂ ಬಿದ್ದ ಮೇಲೆಯೇ ಅಳತೆಯ ಯಂತ್ರ ತರಿಸುವುದು ಅಲ್ಲಿನ ರೂಢಿ. ಯಂತ್ರವೂ ಹೂಂ ಎನ್ನುತ್ತಿತ್ತು, ಸ್ವಲ್ಪ ತಡವಾಗಿ.

ಇಂಥವನನ್ನು ತರಗತಿಗೆ ಎಳೆದು ತಂದದ್ದು ಒಂದು ಹೊಸ ನಿಯಮ. ಇನ್ನು ಮುಂದೆ ಮೇಲೆ ಹೋಗುವ ಯಾವ ಭಾಗವನ್ನೇ ಮುಟ್ಟಬೇಕಾದರೂ, ಇಂಜಿನಿಯರಾಗಲಿ ಫಿಟ್ಟರಾಗಲಿ, 'ಬಾಹ್ಯಾಕಾಶ ಯಂತ್ರಾಂಗಗಳ ವಿನ್ಯಾಸ' ಎಂಬ ಐದು ದಿನದ ವೃತ್ತಿ ತರಬೇತಿ ಮುಗಿಸಿ, ಕೊನೆಯ ದಿನದ ಪರೀಕ್ಷೆಯಲ್ಲಿ ಐವತ್ತಕ್ಕೆ ಮೂವತ್ತು ತೆಗೆಯಬೇಕು. ತೆಗೆಯದವರ ಕಾರ್ಡಿಗೆ ಕ್ಲೀನ್ ರೂಮಿನ, ಅಂದರೆ ಉಪಗ್ರಹ ಜೋಡಿಸುವ ಧೂಳಿಲ್ಲದ ಕೋಣೆಯ, ಬಾಗಿಲು ತೆರೆಯುವುದಿಲ್ಲ. ಅವರು ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕು.

ಪ್ಯಾಕಿಂಗ್ ಎಂದರೆ ಏನೆಂದು ಕೀಲಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ 'ಆಡಳಿತದ ದೃಷ್ಟಿಯಿಂದ' ಎಂಬ ಒಂದೇ ಸಾಲಿನ ಕಾಗದ ಕೊಟ್ಟು ಅವನನ್ನು ಎರಡು ವರ್ಷ ಅಲ್ಲಿಗೆ ತಳ್ಳಿದ್ದರು. ಮರದ ಪೆಟ್ಟಿಗೆಗೆ ಮೊಳೆ ಹೊಡೆಯುವುದು, ಒಳಗೆ ಸ್ಪಂಜು ತುರುಕುವುದು, ಹೊರಗೆ ಬಾಣದ ಗುರುತು ಬಳಿದು 'ಈ ಕಡೆ ಮೇಲೆ' ಎಂದು ಬರೆಯುವುದು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುವ ಮನುಷ್ಯ ಎರಡು ವರ್ಷ ಮೊಳೆ ಹೊಡೆದ. ಆಮೇಲೆ ಯಾವ ಕೀಲೂ ಸರಿಯಾಗಿ ಕೂರದೆ ಒದ್ದಾಡಿದಾಗ, ಅದೇ ಒಂದು ಸಾಲಿನ ಕಾಗದ ಕೊಟ್ಟು ವಾಪಸು ಕರೆಸಿಕೊಂಡರು. ಯಾಕೆ ಹೋದೆ, ಯಾಕೆ ಬಂದೆ ಎರಡೂ ಅವನಿಗೆ ತಿಳಿಯಲಿಲ್ಲ.

ಈಗ ಕ್ಲೀನ್ ರೂಮಿನಲ್ಲಿ ದೊಡ್ಡದೊಂದು ಉಪಗ್ರಹ ನಿಂತಿತ್ತು. ಆರು ಕೀಲುಗಳಲ್ಲಿ ಎರಡನ್ನು ಅವನು ಕೂರಿಸಿ ಬಂದಿದ್ದ, ನಾಲ್ಕು ಬಾಕಿ. ನಿವೃತ್ತಿಗೆ ಎರಡು ವರ್ಷ. ಇಂಥದ್ದು ಇನ್ನೊಂದು ತನ್ನ ಕೈಗೆ ಬರುವುದಿಲ್ಲ ಎಂದು ಗೊತ್ತಿತ್ತು. ಆ ನಾಲ್ಕನ್ನು ಯಾರದೋ ಕೈಗೆ ಬಿಟ್ಟು ಮತ್ತೆ ಸುತ್ತಿಗೆ ಹಿಡಿಯಲು ಅವನು ತಯಾರಿರಲಿಲ್ಲ.

ಪಾಠ ಹೇಳುವವಳು ಬೇರೆ ಯಾರೂ ಅಲ್ಲ, ಟಾರ್ಚಮ್ಮ. ಈಗ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಾರೆ, ವಿನ್ಯಾಸ ವಿಭಾಗದ ಮುಖ್ಯಸ್ಥೆ. ಆಗ ತಾನೇ ಕಾಲೇಜು ಮುಗಿಸಿ ಬಂದ ಹೊಸತರಲ್ಲಿ ಸ್ಪ್ಯಾನರನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಗೊತ್ತಿರದೆ, ಕೀಲಣ್ಣನ ಪಕ್ಕ ಟಾರ್ಚು ಹಿಡಿದು ನಿಲ್ಲುತ್ತಿದ್ದಳು. "ಬೆಳಕು ನನ್ನ ಮೂಗಿಗಲ್ಲಮ್ಮ, ಬೋಲ್ಟಿಗೆ ಹಿಡಿ," ಎಂದು ಅವನು ದಿನಕ್ಕೆ ಹತ್ತು ಸಲ ಗದರುತ್ತಿದ್ದ. ಅವಳು ಅಣ್ಣ ಎನ್ನುತ್ತಿದ್ದಳು. ಈಗ ತರಗತಿಯಲ್ಲಿ ಅವನ ಕಡೆ ನೋಡಿದಾಗಲೆಲ್ಲ ಸರ್ ಎಂದಳು. ಆ ಸರ್ ಕೇಳಿ ಅವನಿಗೆ ಮುಜುಗರವಾಯಿತು. ಯಾಕೆಂದು ಮೊದಲೆರಡು ದಿನ ತಿಳಿಯಲಿಲ್ಲ.

ಮೊದಲೆರಡು ದಿನ ಹೇಗೋ ನಡೆಯಿತು. ಗಾಳಿಯಿಲ್ಲದ ಕಡೆ ಎಣ್ಣೆ ನಿಲ್ಲದು, ಆವಿಯಾಗಿ ಹೋಗಿ ಕ್ಯಾಮೆರಾದ ಗಾಜಿನ ಮೇಲೆ ಕೂರುತ್ತದೆ. ಉಜ್ಜಿ ಹೊಳಪು ಬಂದ ಎರಡು ಲೋಹಗಳು ಅಲ್ಲಿ ತಾವಾಗಿಯೇ ಅಂಟಿಕೊಳ್ಳುತ್ತವೆ. ತಡೆಯುವ ಬಲ ಎಷ್ಟಿದೆಯೋ, ತೆರೆಯುವ ಸ್ಪ್ರಿಂಗಿಗೆ ಅದರ ಮೂರರಷ್ಟು ಶಕ್ತಿ ಇರಬೇಕು. ಇವೆಲ್ಲ ಕೀಲಣ್ಣನ ಕೈಗೆ ಗೊತ್ತಿದ್ದ ಮಾತೇ. ಆದರೆ ಬೋರ್ಡಿನ ಮೇಲೆ ಅವು ಬಾಲ ಬಿಟ್ಟ ಅಕ್ಷರಗಳ ಲೆಕ್ಕವಾಗಿ ಬಂದು ಕೂತಾಗ ಅವನಿಗೆ ತಲೆ ಬುಡ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಯುವ ಇಂಜಿನಿಯರೊಬ್ಬ ಮಾತುಮಾತಿಗೂ ಕೈಯೆತ್ತಿ "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಎಂದು ಕೇಳುತ್ತಿದ್ದ. ಕೀಲಣ್ಣ ಅವನಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟ. ಇಬ್ಬರಿಗೂ ಒಪ್ಪಂದವಾಯಿತು: ಪ್ರಶ್ನೆಪತ್ರಿಕೆ ಲೆಕ್ಕ ಬಿಡಿಸಿ ತೋರಿಸುವುದು, ಆ ಲೆಕ್ಕ ಕೀಲಿನ ಯಾವ ಮೂಲೆಯಲ್ಲಿ ಕೂತಿದೆಯೆಂದು ಕೀಲಣ್ಣ ಹೇಳುವುದು.

ಮೂರನೆಯ ದಿನ ಬೆಳಿಗ್ಗೆ ಟಾರ್ಚಮ್ಮ ಹಿಂದಿನ ಸೋಲುಗಳ ಪಾಠ ತೆಗೆದಳು. ಹಿಂದೆ ಏನೇನು ಕೆಟ್ಟಿತು, ಯಾಕೆ ಕೆಟ್ಟಿತು ಎಂಬ ಕಥೆಗಳು. ಏಳನೆಯದು ಬಂದಾಗ ತೆರೆಯ ಮೇಲೆ, ಫಿಟ್ಟರುಗಳು ಮಾಡಿದ ಕೆಲಸ ಬರೆದು ಸಹಿ ಹಾಕುವ ಜೋಡಣೆ ಪುಸ್ತಕದ ಒಂದು ಪುಟ ಮೂಡಿತು. ಷರಾ ಬರೆಯುವ ಕಾಲಮ್ಮಿನಲ್ಲಿ ಒಂದು ಸಾಲನ್ನು ಕಾಗದ ಹರಿಯುವಷ್ಟು ಗೀಚಿ ಹೊಡೆದುಹಾಕಿತ್ತು. ಅದರ ಕೆಳಗೆ 'ಸರಿ ಇದೆ' ಎಂದು ಬರೆದಿತ್ತು. ಸಹಿಯ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದರು, ಆದರೆ ಸಹಿಯ ಬಾಲ ಪಟ್ಟಿಯಿಂದ ಹೊರಗೆ ಇಣುಕುತ್ತಿತ್ತು. ಕೀಲಣ್ಣ ಆ ಬಾಲವನ್ನು ನೋಡಿದ. ಮುಂದೆ ಬಾಗಿ ಇನ್ನೊಮ್ಮೆ ನೋಡಿದ.

"ಇದು ಹದಿನಾಲ್ಕು ವರ್ಷದ ಹಿಂದಿನದು," ಎಂದಳು ಟಾರ್ಚಮ್ಮ, ತೆರೆಯ ಕಡೆಯೇ ನೋಡುತ್ತ. "ಕೀಲಿನ ಮೇಲೆ ಹಾದುಹೋಗೋ ವೈರುಗಳನ್ನ ಟೆಕ್ನಿಶಿಯನ್ ಬಿಗಿಯಾಗಿ ಕಟ್ಟಿಬಿಟ್ಟಿದ್ದಾರೆ. ಸರಿಯಾಗಿ ನೋಡದೆ ಸೈನ್ ಹಾಕಿದ್ದಾರೆ. ಮೇಲೆ ಹೋದಾಗ ಚಳಿಗೆ ವೈರು ಸೆಟೆದುಕೊಂಡು ಸ್ಪ್ರಿಂಗಿಗೆ ಅಡ್ಡ ನಿಂತಿದೆ. ರೆಕ್ಕೆ ಅರ್ಧಕ್ಕೇ ನಿಂತುಹೋಯ್ತು. ತನಿಖೆಯಲ್ಲಿ ಕಾರಣ ಕೊಟ್ಟಿರೋದು, ಕೈಕೆಲಸದ ಲೋಪ."

"ಆ ಗೀಚಿರೋ ಸಾಲಿನಲ್ಲಿ ಏನಿದೆ ಮೇಡಂ?" ಪ್ರಶ್ನೆಪತ್ರಿಕೆ ಕೈಯೆತ್ತಿದ.

"ಓದೋಕಾಗಲ್ಲ."

ಓದಲು ಆಗುವವನೊಬ್ಬ ಅದೇ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದ. 'ವೈರು ಬಿಗಿ. ಇನ್ನೆರಡು ಬೆರಳು ಬೇಕು.' ಅಷ್ಟೇ ಇದ್ದದ್ದು. ಆ ರೆಕ್ಕೆ ಅರ್ಧಕ್ಕೆ ನಿಂತದ್ದು ತನ್ನ ಲೆಕ್ಕಕ್ಕೆ ಬಿದ್ದಿದೆಯೆಂದು ಅವನು ಕೇಳಿದ್ದು ಇದೇ ಮೊದಲು.

ಆವತ್ತು ಆಗಿದ್ದು ಹೀಗೆ. ಕಿರುಬೆರಳಿನಿಂದ ತಳ್ಳಿದಾಗ ಕೀಲು ತೆರೆದುಕೊಂಡಿತ್ತು, ಆದರೆ ಕೀಲಣ್ಣನ ಬಾಯಲ್ಲಿ ಹೂಂ ಬರಲಿಲ್ಲ. ವೈರಿನ ಕಂತೆ ತಿರುವಿನಲ್ಲಿ ಗೊಣಗುತ್ತಿತ್ತು. ಬೆಚ್ಚಗಿನ ಕೋಣೆಯಲ್ಲೇ ಹೀಗೆಂದರೆ ಚಳಿಯಲ್ಲಿ ಹೇಗೆ ಎಂದು ಅವನು ಪುಸ್ತಕದಲ್ಲಿ ಬರೆದ. ಅವನ ಹೆಂಡತಿ ಹೊಲಿಗೆಯವಳು. ಮನೆಯಲ್ಲಿ ಎಲ್ಲದಕ್ಕೂ ಬೆರಳೇ ಅಳತೆ, ಕೈ ಆಡಲಿ ಎಂದು ಕಂಕುಳಲ್ಲಿ ಎರಡು ಬೆರಳು ಸಡಿಲ ಬಿಡುವುದು ಅವಳ ಕ್ರಮ. ಆ ಅಳತೆಯೇ ಅವನ ಕೈಗೂ ಬಂದಿತ್ತು. ಪುಸ್ತಕ ನೋಡಿದ ಗುಣಮಟ್ಟದ ಪರೀಕ್ಷಕನಿಗೆ ಎಲ್ಲರೂ ಅಡಿಪಟ್ಟಿ ಎನ್ನುತ್ತಿದ್ದರು. ಅವನು ಹುಬ್ಬು ಗಂಟು ಹಾಕಿದ. "ಬೆರಳು ಅಂತ ಒಂದು ಅಳತೆ ಇದೆಯೇನ್ರೀ? ಯಾರ ಬೆರಳು? ನಿಮ್ಮದಾ, ನಿಮ್ಮ ಮಗಳದಾ?" ಸುತ್ತ ಇದ್ದವರು ನಕ್ಕರು. ಮಿಲಿಮೀಟರಿನಲ್ಲಿ ಬರೆದರೆ ಅದು ನಕ್ಷೆಯ ಮೇಲಿನ ಆಕ್ಷೇಪವಾಗುತ್ತದೆ, ಮೂರು ವಾರ ಕೆಲಸ ನಿಲ್ಲುತ್ತದೆ, ಉಪಗ್ರಹ ಮಾರನೆಯ ದಿನ ಹೊರಡಬೇಕು. ಆಗಿನ ಮುಖ್ಯ ವಿನ್ಯಾಸಕರು ಬಂದು ಒಂದೇ ಮಾತು ಹೇಳಿದರು: "ನಕ್ಷೆಯಲ್ಲಿ ಎಷ್ಟು ಉದ್ದ ಇದೆಯೋ ಅಷ್ಟೇ. ಅದನ್ನ ಹೊಡೆದುಹಾಕಿ. ಯಾರಿಗೂ ಕಾಣದ ಹಾಗೆ ಹೊಡೆದುಹಾಕಿ." ಕೀಲಣ್ಣ ಹೊಡೆದುಹಾಕಿದ. 'ಸರಿ ಇದೆ' ಎಂದು ಬರೆದ. ಸಹಿ ಮಾಡಿದ. ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದವಳು ಯಾರೆಂದು ಬೇರೆ ಹೇಳಬೇಕಿಲ್ಲ.

ತೆರೆಯ ಮೇಲೆ ಮುಂದಿನ ಪುಟ ಬಂತು. ಆ ಸೋಲಿನ ನಂತರ ಮಾಡಿದ ನಿಯಮ: ಪ್ರತಿ ಕೀಲಿನ ಬಳಿ ವೈರಿಗೆ ನಲವತ್ತು ಮಿಲಿಮೀಟರ್ ಹೆಚ್ಚು ಸಡಿಲ ಬಿಡಬೇಕು.

"ಇದನ್ನೇ ಎಲ್ಲರೂ 'ಮೇಡಂ ನಲವತ್ತು' ಅನ್ನೋದು," ಎಂದು ಪ್ರಶ್ನೆಪತ್ರಿಕೆ ಪಿಸುಗುಟ್ಟಿದ. "ಇವರೇ ಕಂಡುಹಿಡಿದಿದ್ದಂತೆ. ಇದಾದ ಮೇಲೇ ಇವರಿಗೆ ಬಡ್ತಿ ಬಂದಿದ್ದು."

ಕೀಲಣ್ಣ ಅವನ ಡೆಸ್ಕಿನ ಮೇಲಿದ್ದ ಸ್ಕೇಲನ್ನು ಎಳೆದುಕೊಂಡು ತನ್ನ ತೋರುಬೆರಳು, ನಡುಬೆರಳನ್ನು ಜೋಡಿಸಿ ಅದರ ಮೇಲೆ ಅಡ್ಡಲಾಗಿ ಇಟ್ಟ. ಫಿಟ್ಟರಿನ ದಪ್ಪ ಬೆರಳು. ಸರಿಯಾಗಿ ನಲವತ್ತು.

ಚಹಾದ ಬಿಡುವಿನಲ್ಲಿ ಅವನು ಅವಳನ್ನು ಕಿಟಕಿಯ ಬಳಿ ಹಿಡಿದ. ಸುತ್ತಿ ಬಳಸಿ ಮಾತಾಡುವುದು ಅವನಿಗೆ ಬಾರದು.

"ಆ ನಲವತ್ತು ಎಲ್ಲಿಂದ ತಂದೆಯಮ್ಮ?"

ಟಾರ್ಚಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೂರು ದಿನದಲ್ಲಿ ಮೊದಲ ಸಲ ಅಣ್ಣ ಎಂದಳು. "ಅಣ್ಣಾ, ನಿಮ್ಮ ಹಳೇ ಕೈಗವಸು ಒಂದು ಬಿದ್ದಿತ್ತು. ಅದರ ಎರಡು ಬೆರಳಿನ ಅಗಲ ಅಳತೆ ಮಾಡಿ ಬರೆದೆ."

"ಮತ್ತೆ ತನಿಖೆಯವರಿಗೆ ಯಾಕೆ ಹೇಳ್ಲಿಲ್ಲ? ನೀನು ಅಲ್ಲೇ ಇದ್ದೆಯಲ್ಲ!"

"ನನ್ನನ್ನ ಯಾರೂ ಕೇಳ್ಲಿಲ್ಲ." ಆಮೇಲೆ ಅವಳೇ ಹೇಳಿದಳು, "ಕೇಳಿದ್ರೂ ಹೇಳ್ತಿರಲಿಲ್ಲ ಅನ್ಸುತ್ತೆ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ ಅಣ್ಣ. ನಕ್ಷೆ ತಪ್ಪು ಅಂತ ಯಾರ ಮುಂದೆ ಹೇಳ್ಲಿ?"

"ಈಗ ಆಗಿದೆಯಲ್ಲ ಹದಿನೈದು ವರ್ಷ."

ವರದಿ ಮುಚ್ಚಿ ಹೋಗಿದೆ, ಪಾಠದ ಪುಟಗಳು ಮೇಲಿನ ಕಚೇರಿಯಿಂದ ಬರುತ್ತವೆ, ಒಂದು ಅಕ್ಷರ ತಿದ್ದಲೂ ತನಗೆ ಅಧಿಕಾರವಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು: "ಪರೀಕ್ಷೆಯಲ್ಲಿ ಆ ಏಳನೇದು ಬರುತ್ತೆ. ಹತ್ತು ಮಾರ್ಕು. ಲೆಕ್ಕದಲ್ಲಿ ನಿಮಗೆ ಕಷ್ಟ ಅಂತ ನಂಗೊತ್ತು. ತೆರೆ ಮೇಲೆ ಇದ್ದದ್ದನ್ನ ಹಾಗೇ ಬರೆದುಬಿಡಿ. ನಾಲ್ಕು ಕೀಲು ಬಾಕಿ ಇದೆ, ಬೇರೆ ಯಾರ ಕೈಲೂ ಆಗಲ್ಲ. ನೀವು ಒಳಗೆ ಬರಲೇಬೇಕು."

ಅವಳು ಕೆಟ್ಟವಳಲ್ಲ. ಅದೇ ಕೀಲಣ್ಣನಿಗೆ ಹೆಚ್ಚು ಉರಿದದ್ದು. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ನಾಲ್ಕನೆಯ ದಿನ ಸಂಜೆ ಮನೆಗೆ ಬಂದವನು ಹೊಲಿಗೆ ಯಂತ್ರದ ಎದುರಿಗಿದ್ದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಒಂದು ದಿನ ಪೂರ್ತಿ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿತ್ತು. ಹೆಂಡತಿ ಪೆಡಲಿನ ಮೇಲಿಂದ ಕಾಲು ತೆಗೆದಳು.

"ಅದಕ್ಕಾ ನಿಮ್ಮನ್ನ ಮೊಳೆ ಹೊಡಿಯೋಕೆ ಹಾಕಿದ್ದು? ನಾನು ಬೆನ್ನುನೋವು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ! ಆ ಮೂಲೆಮನೆಯವಳು ಎರಡು ವರ್ಷ ದಿನಾ ಮುಲಾಮು ತಂದು ಕೊಟ್ಟಳು, ಪಾಪ."

"ಅದನ್ನ ಹಚ್ಚಿಕೊಂಡಿದ್ದೂ ಆಯ್ತಲ್ಲ," ಎಂದ ಕೀಲಣ್ಣ.

ಇಬ್ಬರಿಗೂ ನಗು ಬಂತು, ಬಂದ ಹಾಗೆಯೇ ಹೋಯಿತು. ಅವಳು ಸೂಜಿಗೆ ನೂಲು ಪೋಣಿಸುತ್ತ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಹೇಳಿದಳು, "ಬೆರಳು ಅಳತೆ ಅಲ್ಲ ಅಂದ್ನಾ ಅವನು? ಅವನ ಅಂಗಿ ಯಾರು ಹೊಲಿದಿದ್ರಂತೆ? ನೋಡ್ರೀ, ನಾಳೆ ಬರೀರಿ. ಇದ್ದದ್ದನ್ನ ಇದ್ದ ಹಾಗೇ ಬರೀರಿ. ಎರಡು ಬೆರಳು ಅಂತಲೇ ಬರೀರಿ. ಹೆಚ್ಚೆಂದ್ರೆ ಏನಾಗುತ್ತೆ, ಎರಡು ವರ್ಷ ಮತ್ತೆ ಮೊಳೆ ಹೊಡೀತೀರಿ. ಈ ಸಲ ಬೆನ್ನುನೋವು ಅಂತ ನಾನು ಹೇಳಲ್ಲ, ಯಾಕೆ ಅಂತಲೇ ಹೇಳ್ತೀನಿ."

"ಬರೀತೀನಿ," ಎಂದ. ಹಾಗೆ ಹೇಳುವಾಗ ಅವನು ಬರೆಯುವವನೇ ಇದ್ದ.

ಐದನೆಯ ದಿನದ ಪರೀಕ್ಷೆ ಎರಡು ಗಂಟೆಯದು. ಮೊದಲ ಮೂರು ಪ್ರಶ್ನೆಗಳಲ್ಲಿ ಮಾತಿನದೆಲ್ಲ ಬರೆದ, ಲೆಕ್ಕದ್ದನ್ನು ಅರ್ಧಕ್ಕೆ ಬಿಟ್ಟ. ಮನಸ್ಸಿನಲ್ಲೇ ಕೂಡಿ ನೋಡಿದ: ಕೈ ಸಡಿಲ ಮಾಡಿ ಹಾಕಿದರೂ ಇಪ್ಪತ್ತೊಂದು ಇಪ್ಪತ್ತೆರಡು. ನಾಲ್ಕನೆಯ ಪ್ರಶ್ನೆ ಟಾರ್ಚಮ್ಮ ಹೇಳಿದ್ದೇ. 'ಏಳನೆಯ ಪ್ರಕರಣದಲ್ಲಿ ಫಲಕ ಪೂರ್ತಿ ತೆರೆಯದಿರಲು ಮೂಲ ಕಾರಣವೇನು? ಲೋಪ ಯಾರದು? ಹತ್ತು ಅಂಕ.'

ಕೀಲಣ್ಣ ಪೆನ್ನು ತೆಗೆದು ಬರೆದ: 'ವೈರು ಬಿಗಿ ಇತ್ತು. ಇನ್ನೆರಡು ಬೆರಳು ಬೇಕು ಅಂತ ಬರೆದಿತ್ತು.'

ಅಷ್ಟು ಬರೆದು ನಿಲ್ಲಿಸಿದ. ಓದಿಕೊಂಡ. ಈ ಕಾಗದವನ್ನು ಯಾರು ನೋಡುತ್ತಾರೆ? ಟಾರ್ಚಮ್ಮ. ಅವಳಿಗೆ ಗೊತ್ತಿಲ್ಲದ್ದು ಇದರಲ್ಲೇನಿದೆ? ಅವಳು ಸೊನ್ನೆ ಹಾಕುತ್ತಾಳೆ, ಕಣ್ಣಲ್ಲಿ ನೀರು ತಂದುಕೊಂಡೇ ಹಾಕುತ್ತಾಳೆ, ಕಾಗದ ಬೀರುವಿಗೆ ಹೋಗುತ್ತದೆ. ತಾನು ಪೆಟ್ಟಿಗೆಯ ಹತ್ತಿರ ಹೋಗುತ್ತೇನೆ. ಕ್ಲೀನ್ ರೂಮಿನಲ್ಲಿ ಆ ನಾಲ್ಕು ಕೀಲುಗಳ ಮುಂದೆ, ಸ್ಪ್ರಿಂಗನ್ನು ಎಳೆದರೆ ಹೇಗೆ ಕೇಳಿಸುತ್ತದೆಂದು ಗೊತ್ತಿಲ್ಲದ ಯಾರೋ ನಿಂತಿರುತ್ತಾರೆ. ಅವನಿಗೆ ತನ್ನ ಹೆಸರಿಗಿಂತ ಆ ನಾಲ್ಕು ಕೀಲುಗಳ ಮೇಲೆ ಆಸೆ ಹೆಚ್ಚಾಯಿತು. ನಾಚಿಕೆಯೂ ಆಯಿತು. ನಾಚಿಕೆ ಆಸೆಯನ್ನು ಗೆಲ್ಲುವಷ್ಟಿರಲಿಲ್ಲ.

ಬರೆದದ್ದನ್ನು ಗೀಚಿ ಹೊಡೆದುಹಾಕಿದ. ಯಾರಿಗೂ ಕಾಣದ ಹಾಗೆ, ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದ. ಈ ಕೆಲಸದಲ್ಲಿ ಅವನ ಕೈ ಮೊದಲೇ ಪಳಗಿತ್ತು. ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ ಬರೆದ: 'ಟೆಕ್ನಿಶಿಯನ್ ವೈರನ್ನು ಬಿಗಿಯಾಗಿ ಕಟ್ಟಿದ. ಸರಿಯಾಗಿ ನೋಡದೆ ಸಹಿ ಹಾಕಿದ. ಇದು ಕೈಕೆಲಸದ ಲೋಪ. ಲೋಪ ಟೆಕ್ನಿಶಿಯನ್‌ನದು.'

ಮಧ್ಯಾಹ್ನ ಫಲಿತಾಂಶ ಬಂತು. ಮೂವತ್ತೊಂದು. ನಾಲ್ಕನೆಯ ಪ್ರಶ್ನೆಗೆ ಹತ್ತಕ್ಕೆ ಹತ್ತು. ಆ ಹತ್ತನ್ನು ಕೆಂಪು ಶಾಯಿಯಲ್ಲಿ, ಗೀಚಿದ ಸಾಲಿನ ಪಕ್ಕದಲ್ಲೇ ಬರೆದಿತ್ತು. ಪ್ರಮಾಣಪತ್ರ ಕೊಡುವಾಗ ಟಾರ್ಚಮ್ಮ ಅವನ ಮುಖ ನೋಡಲಿಲ್ಲ. "ಅಭಿನಂದನೆ ಸರ್" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಶ್ನೆಪತ್ರಿಕೆ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಮನೆಯಲ್ಲಿ ಹೆಂಡತಿ ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಬರೆದ್ರಾ?"

"ಬರೆದೆ."

"ಬರೆದೂ ಪಾಸು ಮಾಡಿದ್ರಾ? ಪರವಾಗಿಲ್ವೇ, ನಿಮ್ಮ ಟಾರ್ಚಮ್ಮನಿಗೆ ಇನ್ನೂ ಸ್ವಲ್ಪ ಬೆಳಕಿದೆ!" ಅವಳಿಗೆ ಆದ ಸಂತೋಷ ಎಷ್ಟೆಂದರೆ, ಅದನ್ನು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ತಾನೇ ಸ್ಟೂಲು ಹತ್ತಿ ತೂಗುಹಾಕಿದಳು. ಬಟ್ಟೆ ಕೊಡಲು ಬಂದವರಿಗೆಲ್ಲ ತೋರಿಸಿದಳು. ಮೂಲೆಮನೆಯವಳನ್ನು ಕರೆದು, ಅದು ಬೆನ್ನುನೋವಲ್ಲ ಎಂದು ಹದಿನಾಲ್ಕು ವರ್ಷದ ಮೇಲೆ ನಿಜ ಹೇಳಿದಳು. ಕೀಲಣ್ಣ ಒಳಕೋಣೆಯಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಮುಂದಿನ ವಾರ ಕ್ಲೀನ್ ರೂಮಿನ ಬಾಗಿಲು ಅವನ ಕಾರ್ಡಿಗೆ ತೆರೆಯಿತು. ಬಿಳಿ ಗೌನು, ಬಿಳಿ ಟೋಪಿ, ಬಾಯಿಗೆ ಬಟ್ಟೆ. ಮೂರನೆಯ ಕೀಲು ಕೂರಿಸುವ ದಿನ ಪ್ರಶ್ನೆಪತ್ರಿಕೆಯೂ ಹೊಸ ಕಾರ್ಡು ಹಿಡಿದು ಬಂದು ಪಕ್ಕದಲ್ಲಿ ನಿಂತ. ನಕ್ಷೆಯಲ್ಲಿ ವೈರಿಗೆ ನಲವತ್ತು ಮಿಲಿಮೀಟರ್ ಸಡಿಲ ಎಂದು ಬರೆದಿತ್ತು. ವೈರು ಅಷ್ಟೇ ಉದ್ದಕ್ಕೆ, ತಿರುವಿನಲ್ಲಿ ಹಾಯಾಗಿ ಬಳುಕಿಕೊಂಡು ಕೂತಿತ್ತು.

"ಅಂಕಲ್, ಆ ಏಳನೇ ಪ್ರಕರಣ ಆದಾಗ ನೀವು ಇಲ್ಲೇ ಇದ್ರಾ?"

"ಇದ್ದೆ."

"ಆ ಮನುಷ್ಯನ್ನ ನೋಡಿದ್ರಾ? ಎಂಥವನು?"

ಕೀಲಣ್ಣ ಕಿರುಬೆರಳಿನಿಂದ ಕೀಲನ್ನು ತಳ್ಳಿದ. ಕಣ್ಣು ಮುಚ್ಚಿದ. ಕೀಲು ಒಂದಿಷ್ಟೂ ಗೊಣಗದೆ ತೆರೆದುಕೊಂಡಿತು.

"ಕೆಲಸ ಚೆನ್ನಾಗಿ ಮಾಡ್ತಿದ್ದ," ಎಂದ. "ಹೇಳಿದ ಕಡೆ ಸೈನ್ ಹಾಕ್ತಿದ್ದ."

"ಆಮೇಲೆ ಅವನಿಗೆ ಏನಾಯ್ತು?"

"ಪಾಸಾದ."

ಪ್ರಶ್ನೆಪತ್ರಿಕೆ ಇನ್ನೇನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಜೋಡಣೆ ಪುಸ್ತಕ ಮುಂದೆ ಬಂತು. ಕೀಲಣ್ಣ ಷರಾ ಕಾಲಮ್ಮಿನಲ್ಲಿ 'ಸರಿ ಇದೆ' ಎಂದು ಬರೆದು, ಕೆಳಗೆ ಅದೇ ಬಾಲದ ಸಹಿ ಹಾಕಿದ. ಈ ಸಲ ಅದು ನಿಜವಾಗಿಯೂ ಸರಿ ಇತ್ತು.